ಲೆನ್ಸ್ ಅಳವಡಿಕೆ: ಒಂದು ಕಂಪನಿಯ ಲೆನ್ಸ್, ಇನ್ನೊಂದು ಕಂಪನಿಯ ಕ್ಯಾಮೆರಾ

ಒಂದು ಕಂಪನಿಯ ಕ್ಯಾಮೆರಾಕ್ಕೆಂದು ತಯಾರಾದ ಲೆನ್ಸನ್ನು ಅಡಾಪ್ಟರ್ ಎಂಬ ಬಳೆಯ ನೆರವಿನಿಂದ ಬೇರೊಂದು ಕಂಪನಿಯ ಕ್ಯಾಮೆರಾಕ್ಕೆ ಕೂಡಿಸಿ ಬಳಸುವುದನ್ನು ಲೆನ್ಸ್ ಅಳವಡಿಕೆ ಎನ್ನುತ್ತಾರೆ. ಛಾಯಾಗ್ರಹಣದಲ್ಲಿ ಇದು ಹೊಸತಲ್ಲ. ಆದರೆ 2008ರ ನಂತರ ಮಿರರ್‌ಲೆಸ್ ಕ್ಯಾಮೆರಾಗಳು ಬಂದ ಮೇಲೆ ಇದು ಎಷ್ಟು ಸುಲಭವಾಯಿತೆಂದರೆ, ಮೂಲೆ ಸೇರಿದ್ದ ಅರ್ಧ ಶತಮಾನದ ಹಿಂದಿನ ಲೆನ್ಸ್‌ಗಳು ಮತ್ತೆ ಕೆಲಸಕ್ಕೆ ಬಂದವು. ಕ್ಯಾಮೆರಾದ ಸೆನ್ಸರ್ ಕೆಲವೇ ವರ್ಷಗಳಲ್ಲಿ ಹಳತಾಗುತ್ತದೆ. ಒಳ್ಳೆಯ ಗಾಜು ಅಷ್ಟು ಬೇಗ ಹಳತಾಗುವುದಿಲ್ಲ. ಅಳವಡಿಕೆಯ ಮಹತ್ವವೆಲ್ಲ ಈ ಮಾತಿನಲ್ಲಿದೆ.

ಮೌಂಟ್‌ನ ಕೆಲಸ

ಲೆನ್ಸ್ ಮತ್ತು ಕ್ಯಾಮೆರಾ ಒಂದನ್ನೊಂದು ಹಿಡಿದುಕೊಳ್ಳುವ ಜಾಗಕ್ಕೆ ಮೌಂಟ್ ಎಂದು ಹೆಸರು. ಹಳೆಯ ಮೌಂಟ್‌ಗಳು ತಿರುಪಿನವು. ಲೆನ್ಸನ್ನು ಸುತ್ತಿ ಸುತ್ತಿ ಬಿಗಿಯಬೇಕಿತ್ತು. ನಂತರ ಬಂದ ಬಯೊನೆಟ್ ಮೌಂಟ್‌ನಲ್ಲಿ ಲೆನ್ಸಿನ ಹಿಂಬದಿಯ ಮೂರು ನಾಲ್ಕು ಹಲ್ಲುಗಳನ್ನು ಕ್ಯಾಮೆರಾದ ಕಂಡಿಗಳಿಗೆ ಇಳಿಸಿ ಸ್ವಲ್ಪವೇ ತಿರುಗಿಸಿದರೆ ಅದು ಕಟ್ಟೆಂದು ಕೂರುತ್ತದೆ.

ಮೌಂಟ್ ಮೂರು ಕೆಲಸ ಮಾಡುತ್ತದೆ. ಲೆನ್ಸನ್ನು ಸೆನ್ಸರಿಗೆ ಸಮಾಂತರವಾಗಿ, ನಿಗದಿತ ದೂರದಲ್ಲಿ ನಿಲ್ಲಿಸುವುದು ಮೊದಲನೆಯದು. ಬೆಳಕು ಹಾಯುವ ರಂಧ್ರವಾದ ಅಪರ್ಚರ್ ಎಷ್ಟು ಮುಚ್ಚಬೇಕು, ಫೋಕಸ್ ಎತ್ತ ಸರಿಯಬೇಕು ಎಂಬ ಆಜ್ಞೆಗಳನ್ನು ಸನ್ನೆಗೋಲಿನಿಂದಲೋ ವಿದ್ಯುತ್ ಸಂಪರ್ಕದಿಂದಲೋ ದಾಟಿಸುವುದು ಎರಡನೆಯದು. ಬೆಳಕಿಗೆ ಸಾಕಷ್ಟು ಅಗಲದ ದಾರಿ ಬಿಡುವುದು ಮೂರನೆಯದು. ನಿಕಾನ್ ಎಫ್ ಮೌಂಟ್‌ನ ಒಳವ್ಯಾಸ 44 ಮಿ.ಮೀ. ಇದ್ದರೆ, ಅದೇ ಕಂಪನಿಯ ಝಡ್ ಮೌಂಟ್‌ನದು 55 ಮಿ.ಮೀ. ಅಳವಡಿಕೆಯಲ್ಲಿ ಎದುರಾಗುವ ತೊಡಕುಗಳೆಲ್ಲ ಈ ಮೂರರಲ್ಲಿ ಒಂದಕ್ಕೆ ಸೇರಿದವು.

ಫ್ಲ್ಯಾಂಜ್ ದೂರ

ಲೆನ್ಸ್ ಕೂರುವ ಲೋಹದ ಬಳೆಯಿಂದ ಫಿಲ್ಮ್ ಅಥವಾ ಸೆನ್ಸರಿನವರೆಗಿನ ಅಂತರವೇ ಫ್ಲ್ಯಾಂಜ್ ದೂರ. ಯಾವ ಲೆನ್ಸ್ ಯಾವ ಕ್ಯಾಮೆರಾಕ್ಕೆ ಹೊಂದೀತು ಎಂಬುದನ್ನು ಮೊದಲು ತೀರ್ಮಾನಿಸುವುದು ಈ ಅಂತರ. ಮುಖ್ಯ ಮೌಂಟ್‌ಗಳ ಅಳತೆಗಳು ಹೀಗಿವೆ (ಮಿ.ಮೀ.ಗಳಲ್ಲಿ):

- ಪಿಎಲ್ (ಸಿನಿಮಾ): 52
- ಲೈಕಾ ಆರ್: 47
- ನಿಕಾನ್ ಎಫ್: 46.5
- ಒಲಿಂಪಸ್ ಓಎಂ: 46
- ಕಾಂಟ್ಯಾಕ್ಸ್/ಯಾಶಿಕಾ: 45.5
- ಎಂ42 ಮತ್ತು ಪೆಂಟ್ಯಾಕ್ಸ್ ಕೆ: 45.46
- ಮಿನೋಲ್ಟಾ/ಸೋನಿ ಎ: 44.5
- ಕ್ಯಾನನ್ ಇಎಫ್: 44
- ಮಿನೋಲ್ಟಾ ಎಸ್‌ಆರ್: 43.5
- ಕ್ಯಾನನ್ ಎಫ್‌ಡಿ: 42
- ಲೈಕಾ ತಿರುಪು (ಎಂ39): 28.8
- ಲೈಕಾ ಎಂ: 27.8
- ಕ್ಯಾನನ್ ಆರ್‌ಎಫ್ ಮತ್ತು ಎಲ್ ಮೌಂಟ್: 20
- ಮೈಕ್ರೊ ಫೋರ್ ಥರ್ಡ್ಸ್: 19.25
- ಸೋನಿ ಇ: 18
- ಫ್ಯೂಜಿಫಿಲ್ಮ್ ಎಕ್ಸ್: 17.7
- ನಿಕಾನ್ ಝಡ್: 16

ನಿಯಮ ಸರಳವಾಗಿದೆ. ಈ ಪಟ್ಟಿಯಲ್ಲಿ ಮೇಲಿರುವ ಲೆನ್ಸನ್ನು ಕೆಳಗಿರುವ ಕ್ಯಾಮೆರಾಕ್ಕೆ ಹಾಕಬಹುದು. ಎರಡರ ವ್ಯತ್ಯಾಸದಷ್ಟು ದಪ್ಪದ ಬಳೆ ನಡುವೆ ಬಂದರಾಯಿತು. ನಿಕಾನ್ ಎಫ್ ಲೆನ್ಸ್ ಸೋನಿ ಇ ಕ್ಯಾಮೆರಾದ ಮೇಲೆ ಕೂರಲು 28.5 ಮಿ.ಮೀ. ಬಳೆ ಬೇಕು, ಲೈಕಾ ಎಂ ಲೆನ್ಸಿಗೆ 9.8 ಮಿ.ಮೀ. ಸಾಕು. ಕೆಳಗಿನ ಲೆನ್ಸನ್ನು ಮೇಲಿನ ಕ್ಯಾಮೆರಾಕ್ಕೆ ಹಾಕಲು ಹೊರಟರೆ ಲೆನ್ಸ್ ಕ್ಯಾಮೆರಾದ ಒಳಕ್ಕೆ ಇಳಿಯಬೇಕಾಗುತ್ತದೆ. ಬಹುಪಾಲು ಜೋಡಿಗಳಲ್ಲಿ ಅದು ಆಗದ ಕೆಲಸ.

ಲೆನ್ಸ್ ಇರಬೇಕಾದದ್ದಕ್ಕಿಂತ ಮುಂದೆ ನಿಂತರೆ ಏನಾಗುತ್ತದೆ ಎಂಬುದನ್ನು ಸಣ್ಣ ಲೆಕ್ಕದಿಂದ ಕಾಣಬಹುದು. ನಾಭಿದೂರದ ವರ್ಗವನ್ನು ಆ ಹೆಚ್ಚುವರಿ ಅಂತರದಿಂದ ಭಾಗಿಸಿದರೆ, ಅನಂತಕ್ಕೆ ತಿರುಗಿಸಿಟ್ಟ ಲೆನ್ಸ್ ನಿಜವಾಗಿ ಎಷ್ಟು ದೂರದ ವಸ್ತುವನ್ನು ಸ್ಪಷ್ಟವಾಗಿ ಮೂಡಿಸೀತು ಎಂಬ ಅಂದಾಜು ಸಿಗುತ್ತದೆ. ಕ್ಯಾನನ್ ಎಫ್‌ಡಿಯ 50 ಮಿ.ಮೀ. ಲೆನ್ಸನ್ನು 2 ಮಿ.ಮೀ. ಹೆಚ್ಚು ದೂರದ ಇಎಫ್ ಕ್ಯಾಮೆರಾಕ್ಕೆ ಹೇಗೋ ಕೂಡಿಸಿದೆವೆನ್ನಿ. 2500ನ್ನು 2ರಿಂದ ಭಾಗಿಸಿದರೆ 1250 ಮಿ.ಮೀ.; ಅಂದರೆ ಸುಮಾರು ಒಂದೂಕಾಲು ಮೀಟರ್ ಆಚೆಗಿನದೆಲ್ಲ ಮಸುಕು. ಹೂವನ್ನೋ ಕೀಟವನ್ನೋ ತೆಗೆಯಬಹುದು, ಬೆಟ್ಟವನ್ನು ತೆಗೆಯಲಾಗದು. ಅಡಾಪ್ಟರ್ ಬರೀ 0.1 ಮಿ.ಮೀ. ಹೆಚ್ಚು ದಪ್ಪವಾದರೂ 50 ಮಿ.ಮೀ. ಲೆನ್ಸಿನ ನೋಟ 25 ಮೀಟರಿಗೆ ನಿಲ್ಲುತ್ತದೆ, 20 ಮಿ.ಮೀ. ಲೆನ್ಸಿನದು 4 ಮೀಟರಿಗೇ ನಿಲ್ಲುತ್ತದೆ. ವೈಡ್ ಲೆನ್ಸ್‌ಗಳು ಅಡಾಪ್ಟರಿನ ಅಳತೆಗೆ ಇಷ್ಟು ಸೂಕ್ಷ್ಮವಾಗಿರುವುದು ಈ ಕಾರಣಕ್ಕೆ.

ತಿರುಪಿನ ಕಾಲ

ಜರ್ಮನಿಯ ಲೈಕಾ ಕ್ಯಾಮೆರಾಕ್ಕೆ ಲೆನ್ಸ್ ಬದಲಿಸುವ ಸೌಲಭ್ಯ ಬಂದದ್ದು 1930ರಲ್ಲಿ. ಮೊದಲಿಗೆ ಪ್ರತಿ ಕ್ಯಾಮೆರಾಕ್ಕೂ ಅದರದೇ ಲೆನ್ಸ್‌ಗಳನ್ನು ಹೊಂದಿಸಿ ಕೊಡಬೇಕಿತ್ತು. 1931ರಲ್ಲಿ ಫ್ಲ್ಯಾಂಜ್ ದೂರವನ್ನು 28.8 ಮಿ.ಮೀ.ಗೆ ಸ್ಥಿರಪಡಿಸಿದ ಮೇಲೆ ಯಾವ ಲೆನ್ಸಾದರೂ ಯಾವ ಲೈಕಾಕ್ಕಾದರೂ ಕೂರುವಂತಾಯಿತು. ಈ 39 ಮಿ.ಮೀ. ತಿರುಪನ್ನು ಜಪಾನ್ ಮತ್ತು ಸೋವಿಯತ್ ಒಕ್ಕೂಟದ ತಯಾರಕರೂ ಕೈಗೆತ್ತಿಕೊಂಡರು. ಫೆಡ್, ಝೋರ್ಕಿ ಕ್ಯಾಮೆರಾಗಳ ಜುಪಿಟರ್, ಇಂಡಸ್ಟಾರ್ ಲೆನ್ಸ್‌ಗಳು ಇಂದಿಗೂ ಬಳಕೆಯಲ್ಲಿರುವುದು ಆ ಸಾಮಾನ್ಯ ಅಳತೆಯ ಫಲ. 1954ರಲ್ಲಿ ಲೈಕಾ ತನ್ನ ಎಂ ಬಯೊನೆಟ್ಟನ್ನು ತಂದಾಗ ಹಳೆಯ ಗಿರಾಕಿಗಳನ್ನು ಕೈಬಿಡಲಿಲ್ಲ. ಹೊಸ ದೂರವನ್ನು ಸರಿಯಾಗಿ 1 ಮಿ.ಮೀ. ಕಡಿಮೆ ಇಟ್ಟಿದ್ದರಿಂದ ತೆಳ್ಳನೆಯ ಒಂದು ಬಳೆಯಲ್ಲೇ ಎಲ್ಲ ತಿರುಪಿನ ಲೆನ್ಸ್‌ಗಳೂ ಹೊಸ ಕ್ಯಾಮೆರಾಕ್ಕೆ ಬಂದವು.

ಕಂಪನಿಗಳ ನಡುವಣ ಕೊಡುಕೊಳು ಆಗಿನಿಂದಲೂ ಇತ್ತು. ಕ್ಯಾನನ್ ಮಾರುಕಟ್ಟೆಗೆ ತಂದ ಮೊದಲ ಕ್ಯಾಮೆರಾ, 1936ರ ಹಾನ್ಸಾ ಕ್ಯಾನನ್, ಹೊತ್ತಿದ್ದುದು ಮುಂದೆ ನಿಕಾನ್ ಎನಿಸಿಕೊಂಡ ನಿಪ್ಪಾನ್ ಕೊಗಾಕು ಸಂಸ್ಥೆಯ ನಿಕ್ಕೋರ್ ಲೆನ್ಸನ್ನು. 1950ರಲ್ಲಿ ಟೋಕಿಯೋದಲ್ಲಿದ್ದ ಲೈಫ್ ಪತ್ರಿಕೆಯ ಛಾಯಾಗ್ರಾಹಕ ಡೇವಿಡ್ ಡಗ್ಲಸ್ ಡಂಕನ್ ನಿಕ್ಕೋರ್ ಲೆನ್ಸ್‌ಗಳ ಸ್ಪಷ್ಟತೆ ಕಂಡು ಬೆರಗಾದರು. ಅವನ್ನು ತಮ್ಮ ಲೈಕಾಕ್ಕೆ ಹಾಕಿಕೊಂಡು ಕೊರಿಯಾ ಯುದ್ಧದ ಚಿತ್ರಗಳನ್ನು ತೆಗೆದರು. ಜಪಾನಿನ ಗಾಜಿನ ಕೀರ್ತಿ ಪಶ್ಚಿಮಕ್ಕೆ ಹಬ್ಬಿದ್ದರಲ್ಲಿ ಜರ್ಮನ್ ಕ್ಯಾಮೆರಾದ ಮೇಲೆ ಕೂತ ಆ ಜಪಾನಿ ಲೆನ್ಸ್‌ಗಳ ಪಾಲು ದೊಡ್ಡದು.

ಕನ್ನಡಿಯ ಮೂಲಕ ದೃಶ್ಯ ತೋರಿಸುವ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಇಂಥ ಸಾಮಾನ್ಯ ಭಾಷೆಯಾದದ್ದು ಎಂ42. 1949ರಲ್ಲಿ ಡ್ರೆಸ್ಡೆನ್ನಿನ ಕಾಂಟ್ಯಾಕ್ಸ್ ಎಸ್ ಜೊತೆ ಬಂದ ಈ 42 ಮಿ.ಮೀ. ತಿರುಪನ್ನು ಪ್ರಾಕ್ಟಿಕಾ, ಜೆನಿಟ್, ಪೆಂಟ್ಯಾಕ್ಸ್, ಯಾಶಿಕಾ, ಫ್ಯೂಜಿಕಾ, ಚಿನಾನ್ ಮೊದಲಾದವು ಬಳಸಿದವು. ಜೈಸ್‌ನ ಬಯೊಟಾರ್ ಮಾದರಿಯಲ್ಲಿ ಸೋವಿಯತ್ ಒಕ್ಕೂಟದಲ್ಲಿ ತಯಾರಾದ ಹೆಲಿಯೋಸ್-44 ಮತ್ತು ಪೆಂಟ್ಯಾಕ್ಸ್‌ನ ಟಾಕುಮಾರ್ ಸಾಲು ಈ ಮೌಂಟ್‌ನ ಹೆಸರಾಂತ ಲೆನ್ಸ್‌ಗಳು. ಹಿನ್ನೆಲೆಯ ಬೆಳಕಿನ ಚುಕ್ಕೆಗಳನ್ನು ಸುಳಿಯಂತೆ ಮೂಡಿಸುವ ಗುಣಕ್ಕಾಗಿ ಹೆಲಿಯೋಸನ್ನು ಇಂದಿಗೂ ಹುಡುಕಿ ಕೊಳ್ಳುತ್ತಾರೆ.

ತಿರುಪು ಒಂದೇ ಆದ ಮಾತ್ರಕ್ಕೆ ದೂರವೂ ಒಂದೇ ಎಂದುಕೊಳ್ಳಬಾರದು. ಮೊದಲ ಜೆನಿಟ್ ಎಸ್‌ಎಲ್‌ಆರ್‌ಗಳದೂ 39 ಮಿ.ಮೀ. ತಿರುಪೇ, ಆದರೆ ಅವುಗಳ ಫ್ಲ್ಯಾಂಜ್ ದೂರ 45.2 ಮಿ.ಮೀ. ಅವುಗಳ ಲೆನ್ಸ್ ಲೈಕಾದ ಅಡಾಪ್ಟರಿಗೆ ಸಲೀಸಾಗಿ ಸುತ್ತಿಕೊಳ್ಳುತ್ತದೆ, ಆದರೆ ಎಷ್ಟು ತಿರುಗಿಸಿದರೂ ಫೋಕಸ್ ಆಗುವುದಿಲ್ಲ.

ಲೆನ್ಸ್ ತಯಾರಕರು ಇನ್ನೊಂದು ದಾರಿಯನ್ನೂ ಹುಡುಕಿದರು: ಲೆನ್ಸ್ ಒಂದೇ, ಹಿಂಬದಿಯ ಮೌಂಟ್ ಮಾತ್ರ ಬದಲು. ಮುಂದೆ ಟ್ಯಾಮ್ರಾನ್ ಆದ ತೈಸೆ ಕೊಗಾಕು 1957ರಲ್ಲಿ ಟಿ ಮೌಂಟ್ ತಂದಿತು. ಅದರ ದೂರ 55 ಮಿ.ಮೀ. ಟೆಲಿಸ್ಕೋಪಿಗೆ ಕ್ಯಾಮೆರಾ ಕಟ್ಟುವ ಖಗೋಳಾಸಕ್ತರು ಇಂದಿಗೂ ಬಳಸುವುದು ಈ ಟಿ ಬಳೆಯನ್ನೇ. 1970ರ ದಶಕದಲ್ಲಿ ಬಂದ ಟ್ಯಾಮ್ರಾನ್‌ನ ಅಡಾಪ್ಟಾಲ್ ಸರಣಿ ಅಪರ್ಚರ್‌ನ ಸಂಪರ್ಕವನ್ನೂ ಬದಲಿಸಬಹುದಾದ ಬಳೆಯೊಳಗೆ ತಂದಿತು.

1987ರ ಕವಲು

ಎಸ್‌ಎಲ್‌ಆರ್‌ನಲ್ಲಿ ಲೆನ್ಸ್ ಮತ್ತು ಫಿಲ್ಮಿನ ನಡುವೆ ಕನ್ನಡಿ ಮೇಲೆದ್ದು ಇಳಿಯಲು ಜಾಗ ಬೇಕು. ಆದ್ದರಿಂದ ಎಲ್ಲ ಕಂಪನಿಗಳ ಫ್ಲ್ಯಾಂಜ್ ದೂರವೂ 40ರಿಂದ 47 ಮಿ.ಮೀ. ಆಸುಪಾಸಿನಲ್ಲೇ ಇತ್ತು. ಅಷ್ಟು ಇಕ್ಕಟ್ಟಿನಲ್ಲಿ ಒಂದೆರಡು ಮಿ.ಮೀ. ವ್ಯತ್ಯಾಸವೇ ಲೆನ್ಸಿನ ಹಣೆಬರಹ ಬರೆಯುತ್ತಿತ್ತು.

ಕ್ಯಾನನ್ ಎಫ್‌ಡಿ ಇದಕ್ಕೆ ತಕ್ಕ ನಿದರ್ಶನ. 1971ರಿಂದ ನಡೆದು ಬಂದಿದ್ದ ಎಫ್‌ಡಿ ಸರಣಿಯನ್ನು ಬಿಟ್ಟು 1987ರಲ್ಲಿ ಕ್ಯಾನನ್ ಇಎಫ್ ಮೌಂಟ್ ತಂದಿತು. ಯಾಂತ್ರಿಕ ಸನ್ನೆಗಳೊಂದೂ ಇಲ್ಲದ, ಅಪರ್ಚರ್ ಮತ್ತು ಫೋಕಸ್ ಎರಡನ್ನೂ ವಿದ್ಯುತ್ತಿನಿಂದಲೇ ನಡೆಸುವ ಈ ಮೌಂಟ್ ಮುಂದಾಲೋಚನೆಯ ಕೆಲಸವಾಗಿತ್ತು. ಆದರೆ ದೂರ 42ರಿಂದ 44ಕ್ಕೆ ಏರಿತು. ಆ 2 ಮಿ.ಮೀ.ನಿಂದಾಗಿ ಎಫ್‌ಡಿ ಲೆನ್ಸ್‌ಗಳು ಸ್ವಂತ ಕಂಪನಿಯ ಹೊಸ ಕ್ಯಾಮೆರಾಕ್ಕೇ ಹೊರಗಿನವಾದವು. ಕ್ಯಾನನ್ ಒಳಗೆ ಗಾಜಿರುವ 1.26 ಪಟ್ಟಿನ ಪರಿವರ್ತಕವನ್ನು ಕೊಟ್ಟಿತಾದರೂ ಅದು ಆಯ್ದ ಕೆಲವು ಟೆಲಿಫೋಟೊ ಲೆನ್ಸ್‌ಗಳಿಗೆ ಮಾತ್ರ ಹೊಂದುತ್ತಿತ್ತು. ಉಳಿದವು ಸೆಕೆಂಡ್‌ಹ್ಯಾಂಡ್ ಅಂಗಡಿಗಳಲ್ಲಿ ಅಗ್ಗವಾದವು.

ಇದರ ಇನ್ನೊಂದು ಮುಖವೂ ಇದೆ. ಎಸ್‌ಎಲ್‌ಆರ್‌ಗಳ ಪೈಕಿ ಇಎಫ್‌ನದು ತಕ್ಕಮಟ್ಟಿಗೆ ಕಡಿಮೆ ದೂರ. ಆದ್ದರಿಂದ ನಿಕಾನ್ ಎಫ್, ಓಎಂ, ಲೈಕಾ ಆರ್, ಕಾಂಟ್ಯಾಕ್ಸ್, ಎಂ42 ಲೆನ್ಸ್‌ಗಳೆಲ್ಲ ತೆಳ್ಳನೆಯ ಬಳೆಗಳ ಮೂಲಕ ಕ್ಯಾನನ್ ಡಿಜಿಟಲ್ ಕ್ಯಾಮೆರಾಗಳಿಗೆ ಹೊಂದಿದವು. ನಿಕಾನ್ ಎಫ್‌ನ ದೂರ ಎಲ್ಲಕ್ಕಿಂತ ಹೆಚ್ಚೆನ್ನುವಷ್ಟಿದ್ದುದರಿಂದ ನಿಕಾನ್ ಕ್ಯಾಮೆರಾದವರಿಗೆ ಆ ಸ್ವಾತಂತ್ರ್ಯ ಸಿಗಲಿಲ್ಲ.

ಮಿರರ್‌ಲೆಸ್ ತಂದ ಬದಲಾವಣೆ

2008ರಲ್ಲಿ ಒಲಿಂಪಸ್ ಮತ್ತು ಪ್ಯಾನಸೋನಿಕ್ ಮೈಕ್ರೊ ಫೋರ್ ಥರ್ಡ್ಸ್ ಪದ್ಧತಿಯನ್ನು ಪ್ರಕಟಿಸಿದವು. ಕನ್ನಡಿಯೇ ಇಲ್ಲದ್ದರಿಂದ ಫ್ಲ್ಯಾಂಜ್ ದೂರ 19.25 ಮಿ.ಮೀ.ಗೆ ಇಳಿಯಿತು. 2010ರಲ್ಲಿ ಸೋನಿ ಇ, 2012ರಲ್ಲಿ ಫ್ಯೂಜಿಫಿಲ್ಮ್ ಎಕ್ಸ್, 2018ರಲ್ಲಿ ಕ್ಯಾನನ್ ಆರ್‌ಎಫ್ ಮತ್ತು ನಿಕಾನ್ ಝಡ್ ಬಂದವು. ಒಂದೇ ಏಟಿಗೆ ಹಳೆಯ ಎಸ್‌ಎಲ್‌ಆರ್ ಲೆನ್ಸ್‌ಗಳಿಗೆಲ್ಲ 20 ಮಿ.ಮೀ.ಗಿಂತ ಹೆಚ್ಚು ಜಾಗ ಸಿಕ್ಕಿತು. ಸುಮಾರು ಎರಡು ದಶಕ ಕಡೆಗಣನೆಗೆ ಸಂದಿದ್ದ ಎಫ್‌ಡಿ ಲೆನ್ಸ್ 24 ಮಿ.ಮೀ. ಬಳೆಯೊಂದಿಗೆ ಸೋನಿಯ ಮೇಲೆ ಅನಂತದವರೆಗೂ ಫೋಕಸ್ ಆಯಿತು. 2013ರ ಸೋನಿ ಎ7 ಪೂರ್ಣ ಫ್ರೇಮಿನ ಸೆನ್ಸರ್ ತಂದ ಮೇಲೆ ಆ ಲೆನ್ಸ್‌ಗಳು ಫಿಲ್ಮಿನಲ್ಲಿ ಕೊಡುತ್ತಿದ್ದ ನೋಟವನ್ನೇ ಡಿಜಿಟಲ್‌ನಲ್ಲೂ ಕೊಟ್ಟವು.

ಇದಕ್ಕೆ ಜೊತೆಗೂಡಿದ್ದು ಇಲೆಕ್ಟ್ರಾನಿಕ್ ವ್ಯೂಫೈಂಡರ್. ಸೆನ್ಸರ್ ಕಂಡದ್ದೇ ಕಣ್ಣಿಗೂ ಕಾಣುವುದರಿಂದ ದೃಶ್ಯದ ಒಂದು ಭಾಗವನ್ನು ಹಿಗ್ಗಿಸಿ ನೋಡಬಹುದು. ಸ್ಪಷ್ಟವಾದ ಅಂಚುಗಳಿಗೆ ಬಣ್ಣ ಹಚ್ಚಿ ತೋರಿಸುವ ಫೋಕಸ್ ಪೀಕಿಂಗ್ ಕೂಡ ಕೈಯಿಂದ ಫೋಕಸ್ ಮಾಡುವವರಿಗೆ ದೊಡ್ಡ ಆಸರೆ.

ಅಡಾಪ್ಟರಿನ ಬಗೆಗಳು

ಸಾದಾ ಅಡಾಪ್ಟರ್: ಬರೀ ಲೋಹದ ಬಳೆ. ಒಳಗೆ ಗಾಜೂ ಇಲ್ಲ, ತಂತಿಯೂ ಇಲ್ಲ. ಹಾಗಾಗಿ ಬಿಂಬದ ಗುಣ ಕೆಡದು. ಫೋಕಸ್, ಅಪರ್ಚರ್ ಎರಡನ್ನೂ ಕೈಯಿಂದಲೇ ಮಾಡಬೇಕು. ಮೆನುವಿನಲ್ಲಿ ಲೆನ್ಸ್ ಇಲ್ಲದೆಯೂ ಶಟರ್ ತೆರೆಯುವ ಆಯ್ಕೆಯನ್ನು ಒತ್ತಿಡಬೇಕು, ಇಲ್ಲವಾದರೆ ಹಲವು ಕ್ಯಾಮೆರಾಗಳು ಚಿತ್ರ ತೆಗೆಯುವುದಿಲ್ಲ.

ಗಾಜಿನ ಅಡಾಪ್ಟರ್: ದೂರ ಸಾಲದ ಜೋಡಿಗಳಲ್ಲಿ ಅನಂತ ಫೋಕಸನ್ನು ಮರಳಿ ತರಲು ಸಣ್ಣ ಲೆನ್ಸೊಂದನ್ನು ಸೇರಿಸಿರುತ್ತಾರೆ. ಅಗ್ಗದವು ಬಿಂಬವನ್ನು ಮಂಕಾಗಿಸುತ್ತವೆ. ದಾರಿ ಬೇರೆ ಇಲ್ಲದಾಗ ಮಾತ್ರ ಇವು ಸರಿ.

ಫೋಕಲ್ ರಿಡ್ಯೂಸರ್: ದೊಡ್ಡ ಫ್ರೇಮಿನ ಲೆನ್ಸ್ ಬೀರುವ ಬಿಂಬವನ್ನು ಸಣ್ಣ ಸೆನ್ಸರಿಗೆ ಕುಗ್ಗಿಸಿ ಕೊಡುತ್ತದೆ. 2013ರ ಜನವರಿಯಲ್ಲಿ ಮೆಟಾಬೋನ್ಸ್ ಸಂಸ್ಥೆ ಕಾಲ್ಡ್‌ವೆಲ್ ಫೋಟೊಗ್ರಾಫಿಕ್ ಜೊತೆಗೂಡಿ ತಂದ ಸ್ಪೀಡ್ ಬೂಸ್ಟರ್ ಇದನ್ನು ಜನಪ್ರಿಯಗೊಳಿಸಿತು. ಅದರ ಕುಗ್ಗಿಕೆ 0.71 ಪಟ್ಟು, 50 ಮಿ.ಮೀ. ಎಫ್/1.4 ಲೆನ್ಸ್ ಅದರ ಮುಂದೆ ಸುಮಾರು 35.5 ಮಿ.ಮೀ. ಎಫ್/1.0 ಆಗಿ ವರ್ತಿಸುತ್ತದೆ. ಬೆಳಕು ಒಂದು ಸ್ಟಾಪ್ ಹೆಚ್ಚುತ್ತದೆ, ನೋಟವೂ ಅಗಲವಾಗುತ್ತದೆ.

ಇಲೆಕ್ಟ್ರಾನಿಕ್ ಅಡಾಪ್ಟರ್: ಒಂದು ಕಂಪನಿಯ ಸಂಕೇತಗಳನ್ನು ಇನ್ನೊಂದಕ್ಕೆ ಅನುವಾದಿಸುವ ಚಿಪ್ ಇದರಲ್ಲಿರುತ್ತದೆ. ಕ್ಯಾನನ್ ಇಎಫ್ ಪೂರ್ತಿ ವಿದ್ಯುನ್ಮಾನವಾದ್ದರಿಂದ ಇದಕ್ಕೆ ಬಹಳ ಒಗ್ಗುತ್ತದೆ. 2016ರ ಸಿಗ್ಮಾ ಎಂಸಿ-11 ಮೂಲಕ ಸಿಗ್ಮಾದ ಇಎಫ್ ಮೌಂಟ್ ಲೆನ್ಸ್‌ಗಳು ಸೋನಿ ಕ್ಯಾಮೆರಾದಲ್ಲಿ ಆಟೋಫೋಕಸ್ ಆಗುತ್ತವೆ. ಕ್ಯಾನನ್ ಮತ್ತು ನಿಕಾನ್ ತಮ್ಮ ತಮ್ಮ ಹಳೆಯ ಲೆನ್ಸ್‌ಗಳಿಗಾಗಿ 2018ರಲ್ಲಿ ಸ್ವಂತ ಅಡಾಪ್ಟರುಗಳನ್ನೇ ಕೊಟ್ಟವು. ಆದರೆ ನಿಕಾನ್‌ನ ಎಫ್‌ಟಿಝಡ್‌ನಲ್ಲಿ ಮೋಟಾರ್ ಇಲ್ಲ. ಕ್ಯಾಮೆರಾದ ತಿರುಗುಕಡ್ಡಿಯನ್ನು ನೆಚ್ಚಿದ್ದ ಹಳೆಯ ಎಎಫ್-ಡಿ ಲೆನ್ಸ್‌ಗಳನ್ನು ಅದರಲ್ಲಿ ಕೈಯಿಂದಲೇ ಫೋಕಸ್ ಮಾಡಬೇಕು. ಸೋನಿಯ ಎಲ್‌ಎ-ಇಎ5 ಅಡಾಪ್ಟರ್ ಎ ಮೌಂಟ್‌ನ ಅಂಥ ಲೆನ್ಸ್‌ಗಳಿಗೆಂದೇ ಮೋಟಾರನ್ನು ಒಳಗಿಟ್ಟುಕೊಂಡಿದೆ.

ಚಲಿಸುವ ಅಡಾಪ್ಟರ್: ಟೆಕಾರ್ಟ್ 2016ರಲ್ಲಿ ತಂದ ಅಡಾಪ್ಟರ್ ಇಡೀ ಲೈಕಾ ಎಂ ಲೆನ್ಸನ್ನೇ ಹಿಂದೆ ಮುಂದೆ ಸರಿಸಿ ಸೋನಿ ಕ್ಯಾಮೆರಾದಲ್ಲಿ ಆಟೋಫೋಕಸ್ ಮಾಡಿಸುತ್ತದೆ. ಆಟೋಫೋಕಸ್ ಹುಟ್ಟುವ ಮೊದಲೇ ತಯಾರಾದ ಲೆನ್ಸ್ ತಾನಾಗಿ ಫೋಕಸ್ ಆಗುವುದು ನಿಜಕ್ಕೂ ಮೆಚ್ಚತಕ್ಕ ಸಾಧನೆ.

ಅಪರ್ಚರ್ ಮತ್ತು ಫೋಕಸ್

ಅಪರ್ಚರ್ ಬಳೆ ಲೆನ್ಸಿನ ಮೇಲೆಯೇ ಇದ್ದರೆ ತಂಟೆಯಿಲ್ಲ. ಎಂ42 ಲೆನ್ಸ್‌ಗಳಲ್ಲಿ ಹಿಂಬದಿಯ ಪುಟ್ಟ ಕಡ್ಡಿ ಒಳಕ್ಕೆ ಒತ್ತಿದಾಗ ಮಾತ್ರ ಅಪರ್ಚರ್ ಮುಚ್ಚುತ್ತದೆ. ಕಡ್ಡಿಯನ್ನು ಒತ್ತಿ ಹಿಡಿಯುವ ಅಂಚಿರುವ ಅಡಾಪ್ಟರನ್ನೇ ಆರಿಸಬೇಕು. ನಿಕಾನ್‌ನ ಜಿ ಸರಣಿಯ ಲೆನ್ಸ್‌ಗಳಲ್ಲಿ ಬಳೆಯೇ ಇಲ್ಲ. ಅವುಗಳ ಸನ್ನೆಗೋಲನ್ನು ತಿರುಗಿಸುವ ಬಳೆ ಅಡಾಪ್ಟರಿನ ಮೇಲೆ ಇರಬೇಕು. ಕ್ಯಾನನ್ ಇಎಫ್ ಲೆನ್ಸನ್ನು ಸಾದಾ ಅಡಾಪ್ಟರಿಗೆ ಹಾಕಿದರೆ ಅಪರ್ಚರ್ ಪೂರ್ತಿ ತೆರೆದೇ ಇರುತ್ತದೆ, ಹಲವು ಲೆನ್ಸ್‌ಗಳಲ್ಲಿ ಫೋಕಸ್ ಕೂಡ ಅಲುಗದು.

ಕ್ಯಾಮೆರಾದೊಳಗೆ ಕಂಪನ ನಿವಾರಣೆ ಇದ್ದರೆ ಲೆನ್ಸಿನ ನಾಭಿದೂರವನ್ನು ಮೆನುವಿನಲ್ಲಿ ಬರೆದು ತಿಳಿಸಬೇಕು. ತಪ್ಪು ಅಂಕಿ ಕೊಟ್ಟರೆ ಸೆನ್ಸರ್ ಬೇಕಾದಷ್ಟು ಸರಿಯದೆಯೋ ಅತಿಯಾಗಿ ಸರಿದೋ ಚಿತ್ರ ಅಲುಗಿದಂತಾಗುತ್ತದೆ.

ಸೆನ್ಸರಿನ ಅಳತೆ

ಲೆನ್ಸ್ ಬೀರುವ ಬೆಳಕಿನ ವೃತ್ತ ಸೆನ್ಸರಿನ ಮೂಲೆಗಳನ್ನು ಮುಟ್ಟಬೇಕು. ಪೂರ್ಣ ಫ್ರೇಮಿನ ಕರ್ಣ 43.3 ಮಿ.ಮೀ., ಮೈಕ್ರೊ ಫೋರ್ ಥರ್ಡ್ಸ್‌ನದು ಅದರ ಅರ್ಧ. ಸಣ್ಣ ಸೆನ್ಸರಿಗೆ ದೊಡ್ಡ ಲೆನ್ಸ್ ಹಾಕಿದರೆ ನೋಟ ಕಿರಿದಾಗುತ್ತದೆ: 50 ಮಿ.ಮೀ. ಲೆನ್ಸ್ ಮೈಕ್ರೊ ಫೋರ್ ಥರ್ಡ್ಸ್‌ನಲ್ಲಿ 100 ಮಿ.ಮೀ. ಲೆನ್ಸಿನಷ್ಟು ಭಾಗವನ್ನಷ್ಟೇ ಕಾಣಿಸುತ್ತದೆ. ಹಕ್ಕಿಯ ಚಿತ್ರ ತೆಗೆಯುವವರಿಗೆ ಇದು ಲಾಭ, ದೇವಾಲಯದ ಒಳಾಂಗಣ ತೆಗೆಯುವವರಿಗೆ ನಷ್ಟ. ದೊಡ್ಡ ಸೆನ್ಸರಿಗೆ ಸಣ್ಣ ಲೆನ್ಸ್ ಹಾಕಿದರೆ ಮೂಲೆಗಳು ಕಪ್ಪಾಗುತ್ತವೆ.

ಸಿನಿಮಾದಲ್ಲಿ

ಅಳವಡಿಕೆಯ ಅತಿ ಸಾಹಸದ ಪ್ರಸಂಗ ನಡೆದದ್ದು ಚಲನಚಿತ್ರದಲ್ಲಿ. ಜೈಸ್ ಸಂಸ್ಥೆ ನಾಸಾಕ್ಕಾಗಿ ಎಫ್/0.7ರ 50 ಮಿ.ಮೀ. ಪ್ಲಾನಾರ್ ಲೆನ್ಸನ್ನು ತಯಾರಿಸಿತ್ತು. ಅಂಥ ಮೂರು ಲೆನ್ಸ್‌ಗಳನ್ನು ಪಡೆದ ನಿರ್ದೇಶಕ ಸ್ಟಾನ್ಲಿ ಕುಬ್ರಿಕ್ 1975ರ ‘ಬ್ಯಾರಿ ಲಿಂಡನ್’ನಲ್ಲಿ ಮೇಣದ ಬತ್ತಿಯ ಬೆಳಕಿನಲ್ಲೇ ದೃಶ್ಯಗಳನ್ನು ತೆಗೆಯಬಯಸಿದರು. ಲೆನ್ಸಿನ ಹಿಂಬದಿಯ ಗಾಜು ಫಿಲ್ಮಿಗೆ ತೀರ ಹತ್ತಿರ ಬರಬೇಕಿದ್ದುದರಿಂದ ಬಳೆಯಿಂದ ಕೆಲಸವಾಗಲಿಲ್ಲ. ಸಿನಿಮಾ ಪ್ರಾಡಕ್ಟ್ಸ್ ಸಂಸ್ಥೆಯ ಎಡ್ ಡಿಜೂಲಿಯೊ ಮಿಚೆಲ್ ಬಿಎನ್‌ಸಿ ಕ್ಯಾಮೆರಾದ ಒಳಭಾಗವನ್ನೇ ಕೊರೆದು ಬದಲಿಸಿದರು. ಆ ಕ್ಯಾಮೆರಾ ಬೇರೆ ಲೆನ್ಸ್‌ಗಳಿಗೆ ಒದಗದಾಯಿತು, ಆದರೆ ಆ ದೃಶ್ಯಗಳು ಛಾಯಾಗ್ರಹಣದ ಪಾಠಗಳಾದವು.

2008ರಲ್ಲಿ ಕ್ಯಾನನ್ 5ಡಿ ಮಾರ್ಕ್ 2 ವಿಡಿಯೊ ತೆಗೆಯತೊಡಗಿದ ಮೇಲೆ ಕಡಿಮೆ ಬಂಡವಾಳದ ಚಿತ್ರ ತಯಾರಕರು ನಿಕಾನ್, ಕಾಂಟ್ಯಾಕ್ಸ್ ಸ್ಟಿಲ್ ಲೆನ್ಸ್‌ಗಳನ್ನು ಅದಕ್ಕೆ ಹಾಕಿಕೊಂಡು ದುಡಿಸಿದರು. ಫೋಕಸ್ ಬಳೆ ಕೈಗೆ ನವಿರಾಗಿ ತಿರುಗುವ ಹಳೆಯ ಲೆನ್ಸ್‌ಗಳು ಆ ಕೆಲಸಕ್ಕೆ ಹೇಳಿ ಮಾಡಿಸಿದಂತಿದ್ದವು.

ಮಿತಿಗಳು

ಅಡಾಪ್ಟರಿನ ಎರಡು ಮುಖಗಳು ಸಮಾಂತರವಾಗಿರದಿದ್ದರೆ ಚಿತ್ರದ ಒಂದು ಬದಿ ಮಸುಕಾಗುತ್ತದೆ. ಅನಂತ ಫೋಕಸ್ ತಪ್ಪದಿರಲೆಂದು ಹಲವು ತಯಾರಕರು ಬಳೆಯನ್ನು ಕೂದಲೆಳೆಯಷ್ಟು ತೆಳ್ಳಗೆ ಮಾಡುತ್ತಾರೆ; ಆಗ ಲೆನ್ಸಿನ ಮೇಲಿನ ದೂರದ ಅಂಕಿಗಳನ್ನು ನಂಬುವಂತಿಲ್ಲ. ಫೋಕಸ್ ಜೊತೆ ಒಳಗಿನ ಗಾಜುಗಳು ಪರಸ್ಪರ ಸರಿಯುವ ವೈಡ್ ಲೆನ್ಸ್‌ಗಳಲ್ಲಿ ಮೂಲೆಗಳೂ ಕೆಡುತ್ತವೆ.

ಫಿಲ್ಮಿನ ಮುಂದೆ ಗಾಜು ಇರಲಿಲ್ಲ, ಸೆನ್ಸರಿನ ಮುಂದೆ ಇದೆ. ಲೈಕಾ ಎಂನಂಥ ರೇಂಜ್‌ಫೈಂಡರ್ ಕ್ಯಾಮೆರಾಗಳ ವೈಡ್ ಲೆನ್ಸ್‌ಗಳಿಂದ ಬೆಳಕು ಓರೆಯಾಗಿ ಬೀಳುವುದರಿಂದ ಆ ಗಾಜನ್ನು ಹಾಯುವಾಗ ಮೂಲೆಗಳು ಹರಡಿದಂತಾಗಿ ಬದಿಗಳಿಗೆ ಬಣ್ಣ ಬಳಿದಂತಾಗುತ್ತದೆ. ಎಸ್‌ಎಲ್‌ಆರ್ ವೈಡ್ ಲೆನ್ಸ್‌ಗಳಲ್ಲಿ ಈ ತೊಂದರೆ ಕಡಿಮೆ. ಜುಪಿಟರ್-12ರಂಥ ಲೆನ್ಸ್‌ಗಳ ಹಿಂಬದಿಯ ಗಾಜು ಬಹಳ ಒಳಕ್ಕೆ ಚಾಚಿರುತ್ತದೆ; ಕೂಡಿಸುವ ಮುನ್ನ ಒಳಗೆ ತಾಗೀತೇ ಎಂದು ನೋಡಲೇಬೇಕು.

ಹಳೆಯ ಲೆನ್ಸಿನ ಶತ್ರು ಫಂಗಸ್. ಮಲೆನಾಡು, ಕರಾವಳಿಯ ಮಳೆಗಾಲದ ತೇವದಲ್ಲಿ ಅದು ಜೇಡನ ಬಲೆಯಂತೆ ಗಾಜಿನ ಮೇಲೆ ಹಬ್ಬುತ್ತದೆ. ಕೊಳ್ಳುವ ಮೊದಲು ಅಪರ್ಚರ್ ಪೂರ್ತಿ ತೆರೆದು, ಹಿಂದಿನಿಂದ ಟಾರ್ಚ್ ಬಿಟ್ಟು ನೋಡಬೇಕು. ಥೋರಿಯಂ ಬೆರೆಸಿದ ಗಾಜಿರುವ ಕೆಲವು ಟಾಕುಮಾರ್ ಲೆನ್ಸ್‌ಗಳು ಕಾಲಕ್ರಮೇಣ ಹಳದಿಯಾಗುತ್ತವೆ; ನೇರಳಾತೀತ ಬೆಳಕಿನಲ್ಲಿಟ್ಟರೆ ಹಳದಿ ಬಹುಮಟ್ಟಿಗೆ ತಿಳಿಯಾಗುತ್ತದೆ.

ಮುಕ್ತ ಮತ್ತು ಮುಚ್ಚಿದ ಮೌಂಟ್‌ಗಳು

ಮೌಂಟ್ ಬರೀ ಲೋಹದ ಬಳೆಯಾಗಿ ಉಳಿದಿಲ್ಲ, ವ್ಯಾಪಾರದ ಗಡಿಯೂ ಆಗಿದೆ. ಸೋನಿ 2011ರಲ್ಲಿ ಇ ಮೌಂಟ್‌ನ ಮೂಲ ವಿವರಗಳನ್ನು ಲೆನ್ಸ್ ಮತ್ತು ಅಡಾಪ್ಟರ್ ತಯಾರಕರಿಗೆ ಶುಲ್ಕವಿಲ್ಲದೆ ತೆರೆದಿಟ್ಟಿತು. ಆ ಮೌಂಟ್‌ಗೆ ಇಂದು ಸಿಗುವ ಲೆನ್ಸ್‌ಗಳ ವೈವಿಧ್ಯದಲ್ಲಿ ಈ ತೀರ್ಮಾನದ ಪಾತ್ರ ಹಿರಿದು. 2018ರಲ್ಲಿ ಲೈಕಾ, ಪ್ಯಾನಸೋನಿಕ್, ಸಿಗ್ಮಾ ಸೇರಿ ಎಲ್ ಮೌಂಟ್ ಒಕ್ಕೂಟ ಕಟ್ಟಿದವು. ಕ್ಯಾನನ್ ಆರ್‌ಎಫ್‌ಗೆ ಸಿಗ್ಮಾ ಮತ್ತು ಟ್ಯಾಮ್ರಾನ್ ಪರವಾನಗಿ ಪಡೆದು ಆಟೋಫೋಕಸ್ ಲೆನ್ಸ್‌ಗಳನ್ನು ಘೋಷಿಸಿದ್ದು 2024ರಲ್ಲಿ, ಅದೂ ಮೊದಲಿಗೆ ಪೂರ್ಣ ಫ್ರೇಮಿಗಿಂತ ಚಿಕ್ಕದಾದ ಎಪಿಎಸ್-ಸಿ ಅಳತೆಯ ಸೆನ್ಸರಿಗೆ ಮಾತ್ರ. ಸಿಗ್ಮಾ 2013ರಲ್ಲಿ ಆರಂಭಿಸಿದ ಮೌಂಟ್ ಬದಲಾವಣೆ ಸೇವೆ, ಕ್ಯಾಮೆರಾ ಕಂಪನಿ ಬದಲಿಸಿದವರ ಸಿಗ್ಮಾ ಲೆನ್ಸಿಗೆ ಶುಲ್ಕ ಪಡೆದು ಹೊಸ ಮೌಂಟ್ ಹಾಕಿಕೊಡುವ ವ್ಯವಸ್ಥೆ. ಇತರ ಕಂಪನಿಗಳೂ ಅನುಸರಿಸಬೇಕಾದ ಮಾದರಿ ಅದು.

ಆಯ್ಕೆ

ಮದುವೆ, ಕ್ರೀಡೆ, ಸುದ್ದಿಯಂತಹ ವೇಗದ ಕೆಲಸಕ್ಕೆ ಕ್ಯಾಮೆರಾದ ಸ್ವಂತ ಲೆನ್ಸೇ ಸರಿ. ಭೂದೃಶ್ಯ, ಭಾವಚಿತ್ರ, ಮ್ಯಾಕ್ರೊ, ಕಿರುಚಿತ್ರಗಳಲ್ಲಿ ಅಳವಡಿಸಿದ ಲೆನ್ಸ್ ಯಾವುದಕ್ಕೂ ಕಡಿಮೆಯಲ್ಲ. ಕೈಯಿಂದ ಫೋಕಸ್ ಮಾಡುವ ಅಭ್ಯಾಸ ಕಣ್ಣನ್ನೂ ತಿದ್ದುತ್ತದೆ. ಹೊಸಬರು ಗಾಜಿಲ್ಲದ ಗಟ್ಟಿಮುಟ್ಟಾದ ಒಂದು ಸಾದಾ ಅಡಾಪ್ಟರ್ ಮತ್ತು ಚೆನ್ನಾಗಿರುವ ಒಂದು 50 ಮಿ.ಮೀ. ಲೆನ್ಸಿನಿಂದ ಶುರು ಮಾಡುವುದು ಒಳ್ಳೆಯದು. ಅಡಾಪ್ಟರ್ ಬಂದ ದಿನವೇ ದೂರದ ಬೆಟ್ಟವನ್ನೋ ಗೋಪುರವನ್ನೋ ಫೋಕಸ್ ಮಾಡಿ, ಚಿತ್ರದ ನಾಲ್ಕೂ ಮೂಲೆಗಳನ್ನು ಹಿಗ್ಗಿಸಿ ನೋಡಿ ಖಚಿತಪಡಿಸಿಕೊಳ್ಳಬೇಕು. ಮನೆಯಲ್ಲಿ ಹಿರಿಯರ ಫಿಲ್ಮ್ ಕ್ಯಾಮೆರಾ ಇದ್ದರೆ ಅದರ ಲೆನ್ಸನ್ನು ಗುಜರಿಗೆ ಹಾಕುವ ಮುನ್ನ ಮೌಂಟ್ ಯಾವುದೆಂದು ಗುರುತಿಸಿ. ಇಂದಿನ ಬಹುಪಾಲು ಮಿರರ್‌ಲೆಸ್ ಕ್ಯಾಮೆರಾಗಳಿಗೆ ಅದು ಹೊಂದುತ್ತದೆ.